ಅನಸೂಯಳ ದೋಣಿಯ ಬಾಗಿಲು

ಆ ದೋಣಿಯ ಬಾಗಿಲನ್ನು ಚಿಕ್ಕದು ಮಾಡಿಸಿದವನು ನಾನು. ಕಾರ್ಖಾನೆಯವರಲ್ಲ, ಸುರಕ್ಷತೆಯ ನಿಯಮವಲ್ಲ—ನಾನು. ಹುಣಸೆಹಣ್ಣಿನ ಗೋದಾಮಿನ ಮುಂದೆ ನಿಂತು, ಫೋನಿನಲ್ಲಿ, ಎರಡು ಮಾತಿನಲ್ಲಿ ಆ ಕೆಲಸ ಮುಗಿಸಿದೆ. ಆಮೇಲೆ ನನ್ನ ಜೀವದ ಗೆಳೆಯನಿಗೆ ಸುಳ್ಳು ಹೇಳಿದೆ. ಸುಳ್ಳು ಹೇಳಿದ್ದು ಅವನಿಗೆ. ಅನುಭವಿಸಿದ್ದು ಅವನ ಮಗಳು ಅನಸೂಯ. ಅವಳು ಈಗ ಇಲ್ಲ. ಇದ್ದಾಗ ಹೇಳಬಹುದಿತ್ತು. ಹೇಳುವುದಕ್ಕೆ ಅವಳೇ ಒಂದು ಅವಕಾಶವನ್ನೂ ಕೊಟ್ಟಿದ್ದಳು. ಆಗಲೂ ನಾನು—

ಮೊದಲಿನಿಂದ ಹೇಳುತ್ತೇನೆ. 

ನನ್ನ ಹೆಸರು ರುದ್ರಪ್ಪ. ಹಿಂದೂಪುರದಲ್ಲಿ ನಮ್ಮದು ಹುಣಸೆಹಣ್ಣು, ಬೆಲ್ಲದ ವ್ಯಾಪಾರ; ಪರಿಗಿಯ ಬಳಿ ಗೋದಾಮು. ಗೆಳೆಯ ತಿಪ್ಪೇಶ ಕಲ್ಯಾಣದುರ್ಗದವನು. ಹುಟ್ಟಿದ್ದು ಕುಂದುರ್ಪಿ ಕಡೆಯ ಒಂದು ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಕಾಲೇಜಿಗೆಂದು ಹಿಂದೂಪುರಕ್ಕೆ ಬಂದವನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ನನಗೆ ಗಾಳ ಹಾಕುವುದನ್ನು ಕಲಿಸಿದವನು ಅವನು. ಕೊರಳಲ್ಲಿ ಲಿಂಗ ಕಟ್ಟಿದ ತನ್ನ ಮಗ ಕೆರೆಯ ಏರಿಯ ಮೇಲೆ ಕೂತು ಮೀನು ಹಿಡಿಯುತ್ತಾನೆಂದು ನಮ್ಮಪ್ಪನಿಗೆ ಗೊತ್ತಾಗಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ನಾನು ತಿನ್ನುತ್ತಿರಲಿಲ್ಲ. ದಾರ ಕೈಯಲ್ಲಿ ಹಿಡಿದು ಅದು ಒಮ್ಮೆ ಜಗ್ಗುವ ಕ್ಷಣಕ್ಕಾಗಿ ಕಾಯುವುದಷ್ಟೇ ನನಗೆ ಬೇಕಿತ್ತು. ಹಿಡಿದದ್ದನ್ನೆಲ್ಲ ತಿಪ್ಪೇಶ ಒಯ್ದು ಬೇಯಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಕೂತು ಮಾತಾಡದೆ ಇರಬಹುದಾದ ಮನುಷ್ಯ ನನ್ನ ಬದುಕಿನಲ್ಲಿ ಅವನೊಬ್ಬನೇ. ಇಬ್ಬರಿಗೂ ಮದುವೆಯಾಯಿತು, ಇಬ್ಬರಿಗೂ ತಲೆ ನರೆಯಿತು. ಅವನು ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಲಾರಿಗಳನ್ನಿಟ್ಟು ಚೆನ್ನಾಗಿಯೇ ಸಂಪಾದಿಸಿದ. ವಾರಕ್ಕೊಮ್ಮೆ ಎಲ್ಲಾದರೂ ಒಂದು ಕೆರೆಯ ಹತ್ತಿರ ಸೇರುವುದು ಮಾತ್ರ ತಪ್ಪಲಿಲ್ಲ.

ಅನಸೂಯ ಅವನ ಒಬ್ಬಳೇ ಮಗಳು. ಚಿಕ್ಕವಳಿದ್ದಾಗ ಓಡುತ್ತಾ ಓಡುತ್ತಾ ಸುಮ್ಮನೆ ಬಿದ್ದುಬಿಡುತ್ತಿದ್ದಳು. ಎಲ್ಲರೂ ಕಾಲು ತೊಡರಿತು ಅಂದುಕೊಂಡರು. ಆಮೇಲೆ ಮೆಟ್ಟಿಲು ಹತ್ತಲಾರದಾದಳು. ಸ್ನಾಯುಗಳು ನಿಧಾನವಾಗಿ ಸೋಲುತ್ತಾ ಹೋಗುವ ಕಾಯಿಲೆ, ಮದ್ದಿಲ್ಲ ಎಂದು ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ ದಿನ ತಿಪ್ಪೇಶ ನೇರ ನನ್ನ ಗೋದಾಮಿಗೆ ಬಂದು ಚೀಲಗಳ ಮೇಲೆ ಕೂತುಬಿಟ್ಟಿದ್ದ. ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅವಳು ಗಾಲಿಕುರ್ಚಿಯಲ್ಲಿದ್ದಳು. ಡಿಗ್ರಿಯನ್ನು ಮನೆಯಲ್ಲೇ ಕೂತು ಓದಿ ಮುಗಿಸಿದಳು. ಬಾಯಿ ಮಾತ್ರ ಬಲು ಜೋರು. ನನ್ನನ್ನು ಮಾವ ಎನ್ನುತ್ತಿದ್ದಳು. ‘ಮಾವಾ, ಮೀನು ತಿನ್ನಲ್ಲ, ಮೀನ್ ಹಿಂದೆ ಬೀಳೋದ್ ಬಿಡಲ್ಲ. ಇದ್ಯಾವ ಸೀಮೆ ಭಕ್ತಿ?’ ಎಂದು ನಗಿಸುತ್ತಿದ್ದಳು.

ಕಾಲುವೆಯಲ್ಲಿ ಕೃಷ್ಣೆಯ ನೀರು ಬಂದು ಪೆನುಕೊಂಡದ ಕಡೆಯ ಜಲಾಶಯ ತುಂಬಿದಾಗ ನಾವಿಬ್ಬರೂ ನೋಡಲು ಹೋದೆವು. ಗುಡ್ಡಗಳ ನಡುವೆ ಅಷ್ಟು ನೀರು! ಬೋರ್ ಕೊರೆಸಿ ಕೊರೆಸಿ ಕಲ್ಲುಪುಡಿಯನ್ನೇ ಹೆಚ್ಚು ಕಂಡಿದ್ದ ತಿಪ್ಪೇಶ ಏರಿಯ ಮೇಲೆ ನಿಂತು ನೀರನ್ನೇ ನೋಡುತ್ತಿದ್ದ. ಕೊನೆಗೆ ಅಂದ:

‘ರುದ್ರಾ, ದೋಣಿ ತಗಳಾನ ಕಣ್ಲಾ.’

ನಾನು ನಕ್ಕೆ. ಅವನು ನಗಲಿಲ್ಲ. ‘ತಮಾಸೆ ಅಲ್ಲ. ದೊಡ್ ದೋಣಿ. ಒಳಗೆ ರೂಮ್ ಇರೋದು. ಶನಿವಾರ ಬಂದ್ರೆ ಭಾನುವಾರ ಸಾಯಂಕಾಲ್ದ ತಂಕ ನೀರ್ ಮ್ಯಾಲೇ ಇರ್ಬೇಕು.’

ಹುಚ್ಚು ಅನ್ನಿಸಿದರೂ ನನ್ನೊಳಗೆ ಏನೋ ಕುಣಿಯಿತು. ಹೀಗೆ ಶುರುವಾಯಿತು. ಆದರೆ ದೋಣಿಯನ್ನು ನಿಜವಾಗಿ ಆರಿಸಿದ್ದು ನಾವಲ್ಲ; ಅನಸೂಯ. ಕಲ್ಯಾಣದುರ್ಗದ ಮನೆಯ ನಡುಮನೆಯಲ್ಲಿ ಕೂತು ಅವಳು ಫೋನಿನಲ್ಲಿ ದೂರದ ದೇಶಗಳ ದೋಣಿಗಳ ವಿಡಿಯೊಗಳನ್ನೆಲ್ಲ ನೋಡಿದಳು. ಫೈಬರ್ ದೋಣಿ ಹಗುರ, ನೋಡಲಿಕ್ಕೂ ಚೆಂದ ಎಂದು ನಾನು ಹೇಳಿದ್ದೆ. ಅವಳು ಒಪ್ಪಲಿಲ್ಲ.

‘ನಮ್ ಕಡೆ ಎಲ್ಲಾ ಬಂಡೆ ಮಾವ. ಬೇಸ್ಗೇಲಿ ನೀರ್ ಇಳಿದ್ರೆ ಬಂಡೆ ಮೇಲಕ್ ಬತ್ತವೆ. ಫೈಬರ್ ಆದ್ರೆ ಸೀಳ್ಕೊಂಡ್ ಹೋಯ್ತದೆ. ಅಲ್ಯೂಮಿನಿಯಂ ಆದ್ರೆ ತಗ್ಗು ಬೀಳ್ತದೆ, ಅಷ್ಟೆ. ಬಡಿದು ನೆಟ್ಟಗ್ ಮಾಡ್ಕೊಬೋದು, ನಮ್ಮಮ್ಮನ ಅನ್ನದ ತಪ್ಪಲೆ ತರ.’

ದೋಣಿಯ ತಳ ಎಷ್ಟು ಚೂಪಾಗಿದ್ದರೆ ಅಲೆಯಲ್ಲಿ ಕುಲುಕಾಟ ಕಡಿಮೆ, ಪಕ್ಕದ ಗೋಡೆ ಎಷ್ಟು ಎತ್ತರ ಇರಬೇಕು, ತಗಡು ಎಲ್ಲಿ ದಪ್ಪ ಇರಬೇಕು, ಮಳೆ ಬಂದರೆ ಡೆಕ್ಕಿನ ಮೇಲಿನ ನೀರು ತಾನೇ ಹೊರಗೆ ಹೋಗಲು ಎಲ್ಲಿ ತೂತು ಬೇಕು—ಎಲ್ಲ ಅವಳಿಗೆ ಗೊತ್ತಿತ್ತು. ಆಮೇಲೆ ಒಂದು ದಿನ, ನಾವು ಊಟ ಮಾಡುತ್ತಿರುವಾಗ, ತನ್ನ ಆಸೆಯನ್ನು ಹೇಳಿದಳು. ಆ ದೋಣಿಯಲ್ಲಿ ಅವಳೂ ಬರುತ್ತಾಳೆ. ಕ್ಯಾಬಿನ್ನಿನ ಒಳಗೆ ಕುರ್ಚಿಯಲ್ಲೇ ಹೋಗುತ್ತಾಳೆ—ಯಾರೂ ಎತ್ತಬೇಕಾಗಿಲ್ಲ. ಒಳಗೆ ಕುರ್ಚಿ ಒಂದು ಸುತ್ತು ತಿರುಗಬೇಕು. ಕುರ್ಚಿಯ ಎತ್ತರಕ್ಕೇ ಮಲಗುವ ಹಲಗೆ. ಪಕ್ಕದಲ್ಲಿ ದೊಡ್ಡ ಕಿಟಕಿ, ಕಿಟಕಿಯ ಪಕ್ಕದಲ್ಲಿ ಗಾಳದ ಕೋಲನ್ನು ಸಿಕ್ಕಿಸುವ ಒಂದು ಕೊಳವೆ. ‘ಬೆಳಿಗ್ಗೆ ಕಣ್ ಬಿಟ್ರೆ ನೀರ್ ಕಾಣ್ಬೇಕು ಮಾವ. ಮಂಚದ ಮೇಲಿಂದ್ಲೇ ಒಂದು ಮೀನ್ ಹಿಡೀಬೇಕು. ನಾನೇ. ಅಪ್ಪ ಹಿಡ್ದು ನನ್ ಕೈಗೆ ಕೊಡೋದಲ್ಲ.’

ಅವಳಮ್ಮ ಲಕ್ಷ್ಮಿದೇವಿ ತೆಲುಗಿನ ಮನೆಯಿಂದ ಬಂದವಳು. ‘ಪಿಚ್ಚಿ ಪಿಲ್ಲ’—ಹುಚ್ಚು ಹುಡುಗಿ—ಎಂದು ಬೈದು ಒಳಗೆ ಹೋದಳು. ಒಳಗೆ ಹೋಗಿ ಕಣ್ಣೊರಸಿಕೊಂಡದ್ದು ನನಗೆ ಕಂಡಿತು. ತಿಪ್ಪೇಶ ಅನ್ನದಲ್ಲಿ ಕೈಯಿಟ್ಟುಕೊಂಡೇ ಮಗಳನ್ನು ನೋಡುತ್ತಿದ್ದ. ಈ ದೋಣಿಯ ಮಾತು ಅವನ ಬಾಯಲ್ಲಿ ಮೊದಲು ಬಂದದ್ದು ಯಾಕೆಂದು ನನಗೆ ಆಗ ಹೊಳೆಯಿತು. ಆ ದಿನ ಜಲಾಶಯದ ಏರಿಯ ಮೇಲೆ ನಿಂತು ಅವನು ಯೋಚಿಸಿದ್ದು ನಮ್ಮಿಬ್ಬರ ಬಗ್ಗೆ ಅಲ್ಲ.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು. ನನಗೆ ಚುಚ್ಚಿತು. ನಡೆಯಲಾರದ ಹುಡುಗಿಯ ಆಸೆಯನ್ನು ಕೇಳಿ ಅರವತ್ತರ ಹತ್ತಿರದ ಗಂಡಸಿಗೆ ಹೊಟ್ಟೆಕಿಚ್ಚಾಯಿತು. ಸತ್ಯ ಅದೇ.

ನಾವು ಕರಾವಳಿಗೆ ಹೋಗಿ ದೋಣಿ ಕಟ್ಟುವ ಒಂದು ಕಾರ್ಖಾನೆ ನೋಡಿದೆವು. ಅಂಗಳದಲ್ಲಿ ಎರಡು ದೋಣಿಗಳು ಅಕ್ಕಪಕ್ಕ ನಿಂತಿದ್ದವು. ಎರಡೂ ಬಿಳಿ ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ. ಒಂದರಲ್ಲಿ ಕ್ಯಾಬಿನ್ ಪುಟ್ಟದು, ಹಿಂದಿನ ಡೆಕ್ ವಿಶಾಲ—ಇಬ್ಬರು ಬೆನ್ನಿಗೆ ಬೆನ್ನು ತಾಗದಂತೆ ನಿಂತು ಗಾಳ ಬೀಸಬಹುದು. ಇನ್ನೊಂದರಲ್ಲಿ ಕ್ಯಾಬಿನ್ ಉದ್ದ, ಡೆಕ್ ಸಣ್ಣದು. ನನ್ನ ಕಣ್ಣು ಮೊದಲನೆಯದರ ಮೇಲೆ. ತಿಪ್ಪೇಶ ವಿಡಿಯೊ ಕಾಲ್ ಮಾಡಿ ಮಗಳಿಗೆ ಎರಡನೆಯದನ್ನು ತೋರಿಸುತ್ತಿದ್ದ. ‘ಅಪ್ಪಾ, ನೆಲ ತೋರ್ಸು. ಹೊಸ್ತಿಲು ತೋರ್ಸು. ಅಯ್ಯೋ, ಇಷ್ಟೆತ್ತರ! ಇದನ್ನ ತೆಗ್ಸಾಕ್ ಆಯ್ತದಾ ಕೇಳು’ ಎಂಬ ಅವಳ ದನಿ ತಗಡಿಗೆ ಬಡಿದು ಅಂಗಳದ ತುಂಬ ಕೇಳುತ್ತಿತ್ತು. ಅಲ್ಲಿನ ಎಂಜಿನಿಯರ್ ಒಳ್ಳೆಯ ಮನುಷ್ಯ. ಕುರ್ಚಿಯ ಅಗಲವನ್ನು ಅವಳಿಂದಲೇ ಕೇಳಿಕೊಂಡ. ನಕ್ಷೆ ಹಾಕಿ ನೋಡಿ ಫೋನ್ ಮಾಡುತ್ತೇನೆ ಎಂದ. ಹಿಂದಿ ಸರಿಯಾಗಿ ಬರುತ್ತಿದ್ದದ್ದು ನನಗೆ. ಹಾಗಾಗಿ ನನ್ನ ನಂಬರು ಕೊಟ್ಟೆವು.

ಅವನ ಫೋನು ಬಂದಾಗ ನಾನು ಗೋದಾಮಿನ ಮುಂದೆ ಲಾರಿಗೆ ಚೀಲ ಏರಿಸುತ್ತಿದ್ದೆ. ಆಗುತ್ತದೆ ಸರ್, ಎಂದ. ಬಾಗಿಲನ್ನು ಕುರ್ಚಿ ಸಲೀಸಾಗಿ ಹೋಗುವಷ್ಟು ಅಗಲ ಮಾಡಬಹುದು. ಹೊಸ್ತಿಲನ್ನು ನೆಲಮಟ್ಟಕ್ಕೆ ಇಳಿಸಿ, ನೀರು ಒಳಗೆ ಬಾರದಂತೆ ಬಾಗಿಲ ಮುಂದೆ ಅಡ್ಡ ಚರಂಡಿ ಕೊಟ್ಟು ಮೇಲೆ ಜಾಲರಿ ಹಾಕುತ್ತೇವೆ. ಏನೂ ತೊಂದರೆಯಿಲ್ಲ. ಒಂದೇ ವಿಷಯ, ಒಳಗೆ ಕುರ್ಚಿ ತಿರುಗಬೇಕಾದರೆ ಎರಡನೆಯ ದೋಣಿಯ ಹಾಗೆ ಕ್ಯಾಬಿನ್ ಹಿಂದಕ್ಕೆ ಸರಿಯಬೇಕು. ಹಿಂದಿನ ಡೆಕ್ ಅರ್ಧದಷ್ಟು ಹೋಗುತ್ತದೆ. ಸರಿಯೇ?

ಸರಿ ಎನ್ನಬೇಕಿತ್ತು. ಅಷ್ಟೇ.

ಆ ಅರ್ಧ ಡೆಕ್ಕು ನನ್ನ ಕಣ್ಣ ಮುಂದೆ ಬಂತು. ಅದರ ಮೇಲೆ ತಿಪ್ಪೇಶ ಕೂತಿದ್ದಾನೆ, ಆದರೆ ಮುಖ ಕ್ಯಾಬಿನ್ ಕಡೆಗೆ. ಮಗಳಿಗೆ ನೀರು, ಮಗಳಿಗೆ ದಿಂಬು, ಮಗಳಿಗೆ ಮಾತ್ರೆ. ಲಕ್ಷ್ಮಿದೇವಿಯೂ ಇರುತ್ತಾಳೆ. ನಾನು ಒಂದು ಮೂಲೆಯಲ್ಲಿ, ಯಾರದೋ ಮನೆಗೆ ಬಂದ ನೆಂಟನ ಹಾಗೆ. ವಾರಕ್ಕೊಮ್ಮೆ ಅವನ ಜೊತೆ ಕಳೆಯುವ ಹೊತ್ತು ನನ್ನದು ಎಂದು ನಾನು ಕಾಲೇಜು ದಿನಗಳಿಂದ ಅಂದುಕೊಂಡಿದ್ದೆ. ಯಾರು ಕೊಟ್ಟಿದ್ದರು ನನಗೆ? ಅವನ ವಾರವೆಲ್ಲ ಆ ಹುಡುಗಿಯದೇ ಅಲ್ಲವೇ, ಎರಡು ದಿನ ನನಗಿರಲಿ ಎಂದು—

‘ಬೇಡ’ ಎಂದೆ. ‘ಮೊದಲನೆಯ ದೋಣಿಯೇ ಆಗಲಿ, ಮಾಮೂಲಿ ಬಾಗಿಲೇ ಇರಲಿ. ಹಿಂದಿನ ಡೆಕ್ ಕಡಿಮೆಯಾಗಬಾರದು.’

ಆತ ಕೇಳಿದ, ‘ಮತ್ತೆ ಆ ಹುಡುಗಿ, ಸರ್?’

‘ಅವಳನ್ನು ಎತ್ತಿಕೊಂಡು ಹೋಗುತ್ತೇವೆ.’

ಹೀಗೆ ಹೇಳಿ ಫೋನಿಟ್ಟೆ. ಸಾಯಂಕಾಲ ಕಲ್ಯಾಣದುರ್ಗಕ್ಕೆ ಫೋನ್ ಮಾಡಿದೆ. ತಿಪ್ಪೇಶ ಸ್ಪೀಕರ್ ಹಾಕಿದ್ದ. ಅನಸೂಯ ಕೇಳಿಸಿಕೊಳ್ಳಲಿ ಎಂದು.

‘ಆಗಾಕಿಲ್ಲ ಅಂದ್ಬುಟ್ರು ಕಣಪ್ಪ’ ಎಂದೆ. ‘ಬಾಗ್ಲು ಅಗ್ಲ ಮಾಡಿ ಹೊಸ್ಲು ಇಳಿಸಿದ್ರೆ ನೀರ್ ಒಳೀಕ್ ನುಗ್ತದಂತೆ. ಸೇಫ್ಟಿ ಒಪ್ಪಲ್ವಂತೆ. ಏನ್ ಮಾಡಾದು?’

ಆ ಕಡೆಯಿಂದ ಅವಳ ದನಿ:

‘ಅವ್ರೇ ಅಂದ್ರಾ ಮಾವ?’

‘ಹೂಂ ಕಣಮ್ಮ. ಅವ್ರೇ.’

ಅವಳು ವಾದ ಮಾಡಲಿಲ್ಲ. ಎಲ್ಲದಕ್ಕೂ ವಾದ ಮಾಡುವ ಹುಡುಗಿ. ಅಷ್ಟೊಂದು ದೋಣಿ ನೋಡಿದ್ದವಳು, ನೆಲಮಟ್ಟದ ಹೊಸ್ತಿಲಿನ ದೋಣಿಗಳನ್ನು ನನಗೇ ತೋರಿಸಿದ್ದವಳು. ‘ಆಗ್ಲಿ ಬಿಡಿ’ ಎಂದಳು, ಅಷ್ಟೇ. ತಿಪ್ಪೇಶ, ‘ಬೇರೆ ಎಲ್ಲಾದ್ರೂ ಕೇಳಾನೇನ್ಲಾ?’ ಎಂದ. ಎಲ್ಲ ಕಡೆಯೂ ಹೀಗೆಯೇ ಅಂತೆ ಎಂದು ನಾನು ಎರಡನೆಯ ಸುಳ್ಳನ್ನು ಹೇಳಿದೆ. ಕುರ್ಚಿ ಒಳಗೆ ಹೋಗದ ಮೇಲೆ ಉದ್ದದ ಕ್ಯಾಬಿನ್ ಯಾಕೆ, ಮೊದಲನೆಯ ದೋಣಿಯೇ ಸಾಕು ಎಂದೂ ಸೇರಿಸಿದೆ. ನನ್ನ ಮಾತಿನ ಮೇಲೆ ಅವನು ಯಾವತ್ತೂ ಇನ್ನೊಬ್ಬರನ್ನು ಕೇಳಿದವನಲ್ಲ.

ದೋಣಿ ಬಂತು. ಉದ್ದದ ಟ್ರೈಲರ್ ಮೇಲೆ ಪರಿಗಿಯ ಗೋದಾಮಿಗೆ ಅದು ಬಂದಿಳಿದಾಗ ಊರವರೆಲ್ಲ ಸೇರಿದ್ದರು. ‘ಎಂತ ಪಡವರಾ ಇದಿ!’—ಎಷ್ಟು ದೊಡ್ಡ ದೋಣಿಯೋ ಇದು—ಎಂದು ಒಬ್ಬ ತೆಲುಗಿನಲ್ಲಿ ಉದ್ಗರಿಸಿದರೆ ಇನ್ನೊಬ್ಬ, ‘ರೆಕ್ಕೆ ಎಲ್ಲೋ ಬಿದ್ದೋಗಿರೋ ಏರೋಪ್ಲೇನ್ ಇದ್ದಂಗೈತೆ’ ಎಂದ. ಒಂದು ಶನಿವಾರ ಬೆಳಿಗ್ಗೆ ಅದನ್ನು ನೀರಿಗಿಳಿಸಿದೆವು. ಅನಸೂಯ ಹೊಸ ಚೂಡಿದಾರ ಹಾಕಿಕೊಂಡು ಅಪ್ಪ ಅಮ್ಮನ ಜೊತೆ ಬಂದಿದ್ದಳು. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದು, ಕುರ್ಚಿಸಮೇತ ಅವಳನ್ನು ಡೆಕ್ಕಿನ ಮೇಲೆ ಇಳಿಸಿದೆವು. ದೋಣಿ ದಡ ಬಿಟ್ಟಾಗ ಅವಳು ಕೂಗಿದ ಕೂಗು—ಸಂತೋಷದ ಕೂಗು—ಗುಡ್ಡಕ್ಕೆ ತಾಕಿ ತಿರುಗಿ ಬಂತು. ನನ್ನ ಎದೆ ಹಗುರವಾಯಿತು. ನೋಡು, ಏನೂ ಆಗಲಿಲ್ಲ, ಖುಷಿಯಾಗೇ ಇದ್ದಾಳೆ ಎಂದುಕೊಂಡೆ.

ಬಿಸಿಲೇರಿತು. ಅಲ್ಯೂಮಿನಿಯಂ ಕಾದು ಕಣ್ಣಿಗೆ ಕುಕ್ಕತೊಡಗಿತು. ಒಳಗೆ ಹೋಗೋಣ ಎಂದು ತಿಪ್ಪೇಶ ಕುರ್ಚಿಯನ್ನು ಬಾಗಿಲ ತನಕ ತಳ್ಳಿದ. ಅದು ಹೋಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು; ಆದರೂ ಒಮ್ಮೆ ತಳ್ಳಿ ನೋಡಿದ. ಚಕ್ರ ಹೊಸ್ತಿಲಿಗೆ ಬಡಿದು ನಿಂತಿತು. ಆಮೇಲೆ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಬೆಳೆದ ಹುಡುಗಿ. ಬಾಗಿಲು ಇಕ್ಕಟ್ಟು. ಅಡ್ಡಡ್ಡ ತಿರುಗಿ ನುಗ್ಗುವಾಗ ದೋಣಿ ಸ್ವಲ್ಪ ವಾಲಿತು. ಅವಳ ಕಾಲು ಚೌಕಟ್ಟಿಗೆ ಬಡಿದು ಕಣಕಾಲಿನ ಚರ್ಮ ಸುಲಿಯಿತು. ‘ಏನಿಲ್ಲ ಅಪ್ಪ, ಏನಿಲ್ಲ’ ಎಂದಳು. ಮಲಗುವ ಹಲಗೆಯ ಮೇಲೆ ಮಲಗಿಸಿದರು. ತಾನಾಗಿ ಹೊರಳಲಾರಳು, ಪಕ್ಕದಲ್ಲೇ ಕಿಟಕಿಯಿದ್ದರೂ ಅಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ತಗಡಿನ ಚಾವಣಿ ಮಾತ್ರ. ಅವಳ ಕುರ್ಚಿ ಹೊರಗೆ ಡೆಕ್ಕಿನ ಮೇಲೆ ಖಾಲಿ ನಿಂತಿತ್ತು. ನಾನು ಅದನ್ನು ಪಕ್ಕಕ್ಕೆ ಸರಿಸಿ ಗಾಳ ಬೀಸಿದೆ.

ಆ ದಿನ ಅಲ್ಲೇ ಉಳಿಯಬೇಕೆಂದು ಅವಳ ಆಸೆ. ಹಾಸಿಗೆ, ಹೊದಿಕೆ, ಅಡುಗೆ ಎಲ್ಲ ತಂದಿದ್ದರು. ಸೂರ್ಯ ಇಳಿಯುವ ಮೊದಲೇ ‘ಮನೆಗ್ ಹೋಗಾನ’ ಎಂದಳು. ಯಾಕಮ್ಮ ಎಂದರೆ ಸುಸ್ತು ಎಂದಳು. ದಡಕ್ಕೆ ಬಂದ ಮೇಲೆ, ಕಾರಿನ ಹತ್ತಿರ, ಲಕ್ಷ್ಮಿದೇವಿ ನನ್ನೊಂದಿಗೆ ತಗ್ಗಿದ ದನಿಯಲ್ಲಿ ಹೇಳಿದಳು: ಹುಡುಗಿ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿಲ್ಲ ಅಣ್ಣಾ. ಕುಡಿದರೆ ಬಚ್ಚಲಿಗೆ ಹೋಗಬೇಕು, ಹೋಗಬೇಕೆಂದರೆ ಅಪ್ಪ ಎತ್ತಬೇಕು, ಆ ಬಾಗಿಲಲ್ಲಿ ನೀವೂ ಕೈ ಕೊಡಬೇಕು. ಅವಳಿಗೆ ನಾಚಿಕೆ.

ಸುತ್ತ ಅಷ್ಟು ನೀರಿಟ್ಟುಕೊಂಡು ಅವಳು ಬಾಯಾರಿ ಮಲಗಿದ್ದಳು. ನಾನು ಆ ಹೊತ್ತಿಗೆ ಎರಡು ಕಾಟ್ಲಾ ಮೀನು ಹಿಡಿದಿದ್ದೆ.

ಮುಂದೆ ಒಂದೆರಡು ಸಲ ಬಂದಳು. ಡೆಕ್ಕಿನ ಮೇಲೆಯೇ, ಕೊಡೆಯ ಕೆಳಗೆ, ಮಧ್ಯಾಹ್ನದ ತನಕ. ಆಮೇಲೆ ‘ನೀವ್ ಹೋಗ್ಬನ್ನಿ ಅಪ್ಪ, ನಂಗೆ ಓದೋದೈತೆ’ ಎನ್ನತೊಡಗಿದಳು. ತಿಪ್ಪೇಶ ‘ನಾನೂ ಹೋಗಲ್ಲ’ ಎಂದರೆ ಬೈದು ಕಳಿಸುತ್ತಿದ್ದಳಂತೆ. ನನಗೆ ಏನನ್ನಿಸಿತು ಎಂಬುದನ್ನೂ ಬರೆಯಬೇಕು. ನನಗೆ ನೆಮ್ಮದಿಯಾಯಿತು. ಅಂದುಕೊಂಡ ಹಾಗೆಯೇ ಆಯಿತು ಎಂದು. ಅಲ್ಲಿಂದ ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ, ಶನಿವಾರ ಭಾನುವಾರಗಳಲ್ಲಿ, ನಾನೂ ಅವನೂ ಆ ವಿಶಾಲವಾದ ಡೆಕ್ಕಿನ ಮೇಲೆ ನಿಂತು ಗಾಳ ಬೀಸಿದೆವು. ದೋಣಿ ನಿಧಾನ ಸಾಗುವಾಗ ಪೆನುಕೊಂಡದ ಬೆಟ್ಟ ಮೆಲ್ಲಗೆ ತಿರುಗುತ್ತಿತ್ತು. ನನ್ನ ಬದುಕಿನ ಅತ್ಯಂತ ಸುಖದ ದಿನಗಳವು. ಹೌದು, ಹಾಗೆಯೇ ಹೇಳಬೇಕು—ಇಲ್ಲದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅವಳಿಗೆಂದು ಮಾಡಿಸಿದ ಹಲಗೆಯ ಮೇಲೆ ನಾನು ಮಲಗುತ್ತಿದ್ದೆ. ಅವಳು ಕೇಳಿದ್ದ ಕಿಟಕಿ ನನ್ನ ತಲೆಯ ಪಕ್ಕದಲ್ಲಿತ್ತು.

ಬೆಳಗಾಗುತ್ತಲೇ ತಿಪ್ಪೇಶ ಅವಳಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಳ್ಳುತ್ತಿದ್ದೆ.

‘ಅಪ್ಪಾ, ಫೋನ್ ನೆಟ್ಟಗ್ ಹಿಡ್ಕೊ. ನಿನ್ ಹೆಬ್ಬೆಟ್ಟೇ ಕಾಣ್ತೈತೆ, ನೀರ್ ಕಾಣ್ತಿಲ್ಲ.’

‘ಈಗ?’

‘ಈಗ ಕಾಣ್ತೈತೆ. ಹಂಗೇ ಇರು. ಮಾತಾಡ್ಬೇಡ. ಹಂಗೇ ಹಿಡ್ಕೊಂಡಿರು.’

ಅವನು ಹಾಗೆಯೇ ಹಿಡಿದುಕೊಂಡಿರುತ್ತಿದ್ದ. ತೋಳು ನೋವು ಬಂದರೆ ಕೈ ಬದಲಾಯಿಸುತ್ತಿದ್ದ. ಕಲ್ಯಾಣದುರ್ಗದಲ್ಲಿ ಅವಳು, ಅಂಗೈಯಗಲದ ಪರದೆಯಲ್ಲಿ, ನೀರಿನ ಮೇಲೆ ಸೂರ್ಯ ಹುಟ್ಟುವುದನ್ನು ನೋಡುತ್ತಿದ್ದಳು.

ಆಮೇಲೆ ಕಾಯಿಲೆ ಎದೆಗೇರಿತು. ಉಸಿರಾಟಕ್ಕೆ ಮೂಗಿನ ಮೇಲೆ ಒಂದು ಮುಖವಾಡ, ಪಕ್ಕದಲ್ಲಿ ಸಣ್ಣಗೆ ಗೊರಗುಟ್ಟುವ ಒಂದು ಯಂತ್ರ. ತಿಪ್ಪೇಶ ದೋಣಿಯ ಕಡೆ ಬರುವುದನ್ನು ಬಿಟ್ಟ. ನಾನು ಅವಳನ್ನು ನೋಡಲು ಕಲ್ಯಾಣದುರ್ಗಕ್ಕೆ ಹೋದಾಗ ಅವಳು ದಿಂಬುಗಳಿಗೆ ಒರಗಿ ಕೂತಿದ್ದಳು. ತುಂಬ ಸಣ್ಣಗಾಗಿದ್ದಳು. ಅಪ್ಪ ಔಷಧಿ ತರಲು ಹೋಗಿದ್ದ, ಅಮ್ಮ ಅಡುಗೆಮನೆಯಲ್ಲಿ. ಅವಳ ಕಣ್ಸನ್ನೆಯಂತೆ ನಾನು ಮುಖವಾಡ ಸರಿಸಿದೆ. ಅವಳು ಮಡಿಲ ಮೇಲಿದ್ದ ಫೋನನ್ನು ನನ್ನ ಕಡೆ ತಿರುಗಿಸಿದಳು. ಯಾವುದೋ ತಣ್ಣನೆಯ ದೇಶದ ಸರೋವರ, ಅದರಲ್ಲಿ ನಮ್ಮದರಂಥದ್ದೇ ಅಲ್ಯೂಮಿನಿಯಂ ದೋಣಿ. ಒಬ್ಬ ಮುದುಕ ಗಾಲಿಕುರ್ಚಿಯಲ್ಲಿ ಡೆಕ್ಕಿನಿಂದ ಸೀದಾ ಕ್ಯಾಬಿನ್ನಿನೊಳಗೆ ಹೋಗುತ್ತಿದ್ದ. ಎಲ್ಲೂ ತಡೆಯದೆ, ನಮ್ಮ ನಡುಮನೆಯಲ್ಲಿ ನಾವು ಓಡಾಡಿದ ಹಾಗೆ.

‘ನೋಡು ಮಾವ’ ಎಂದಳು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಾಗಿತ್ತು. ‘ಎಷ್ಟ್ ಅಗ್ಲ ಐತೆ ಬಾಗ್ಲು. ಇವ್ರೂ... ಸೇಫ್ಟಿ ನೋಡಿರ್ತಾರಲ್ವಾ?’

ನನ್ನ ಮುಖವನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. ಪ್ರಶ್ನೆಯಿತ್ತೋ, ಗೊತ್ತಿದ್ದು ಕೇಳುತ್ತಿದ್ದಳೋ, ಅಥವಾ ಬರೀ ಬೇಸರ ಕಳೆಯಲು ಆಡಿದ ಮಾತೋ—ನನಗೆ ತಿಳಿಯದು. ಇನ್ನು ತಿಳಿಯುವುದೂ ಇಲ್ಲ. ಹೇಳಿಬಿಡು, ಹೇಳಿಬಿಡು ಎನ್ನುತ್ತಿತ್ತು ಮನಸ್ಸು; ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ‘ನಾನೇ ಬೇಡ ಅಂದೆ ಕಣಮ್ಮ.’ ಇಷ್ಟೇ ಮಾತು. ಅವಳು ಬೈಯುತ್ತಿದ್ದಳು. ಅಳುತ್ತಿದ್ದಳು. ಆಮೇಲೆ ಆ ಜೋರು ಬಾಯಿಯಿಂದ ಏನಾದರೊಂದು ಅನ್ನುತ್ತಿದ್ದಳು. ಬಾಗಿಲನ್ನು ಆಗಲಾದರೂ ಕತ್ತರಿಸಿ ಅಗಲ ಮಾಡಿಸಬಹುದಿತ್ತು. ಅಲ್ಯೂಮಿನಿಯಂ ಆದರೆ ಮತ್ತೆ ಕೊಯ್ದು ಬೆಸೆಯಬಹುದು ಎಂದು ನನಗೆ ಹೇಳಿಕೊಟ್ಟವಳೇ ಅವಳು.

‘ಅಲ್ಲಿ ರೂಲ್ಸೇ ಬೇರೆ ಕಣಮ್ಮ’ ಎಂದೆ.

ಅವಳು ಫೋನನ್ನು ಮಡಿಲ ಮೇಲೆ ಕವುಚಿ ಇಟ್ಟಳು. ‘ಹೌದೇನೋ’ ಎಂದು ಮುಖವಾಡವನ್ನು ಮೂಗಿನ ಮೇಲೆ ಎಳೆದುಕೊಳ್ಳಲು ಹೋದಳು. ಕೈ ಅಷ್ಟೆತ್ತರ ಏಳಲಿಲ್ಲ. ನಾನೇ ಎದ್ದು ಸರಿಮಾಡಿದೆ.

ಆ ಚಳಿಗಾಲ ಮುಗಿಯುವ ಮೊದಲು ಅವಳು ಹೋದಳು. ಬೆಳಗಿನ ಹೊತ್ತು, ಅಮ್ಮ ತಲೆ ಬಾಚುತ್ತಿರುವಾಗ.

ಮಣ್ಣು ಮುಗಿದ ಮೇಲೆ ತಿಂಗಳುಗಟ್ಟಲೆ ಜನ ಬಂದು ಹೋದರು. ನಾನು ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತಿತ್ತು. ಬಂದವರ ಮುಂದೆಲ್ಲ ತಿಪ್ಪೇಶ ಅದೇ ಮಾತು ಆಡುತ್ತಿದ್ದ. ಕಾಯಿಲೆಯ ಮಾತಲ್ಲ, ಆಸ್ಪತ್ರೆಯ ಮಾತಲ್ಲ.

‘ನಾನ್ ಸರ್ಯಾಗ್ ಹುಡುಕ್ಲಿಲ್ಲ. ಒಂದ್ ಕಡೆ ಆಗಲ್ಲ ಅಂದ್ರೆ ಇನ್ನೊಂದ್ ಕಡೆ ಕೇಳ್ಬೇಕಿತ್ತು. ಯಾರಾದ್ರೂ ಮಾಡ್ಕೊಡ್ತಿದ್ರು. ಒಂದ್ ಬಾಗ್ಲು ಕಣ್ರಪ್ಪ. ನೆಲದಾಗೆ ಸಾವಿರ ಅಡಿ ತೂತು ಹೊಡೀತೀನಿ ನಾನು, ನನ್ ಮಗೀಗೆ ಒಂದ್ ಬಾಗ್ಲು ಮಾಡ್ಸಾಕಾಗ್ಲಿಲ್ಲ.’

ಬಂದವರು ಸಮಾಧಾನ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ‘ನಿನ್ ತಪ್ಪೇನೈತೆ ಬಿಡಪ್ಪ’ ಎಂದು ಅವನ ಬೆನ್ನು ಸವರಿದ್ದೇನೆ. ಆ ಕೈಯನ್ನು ಅವನು ಹಿಡಿದುಕೊಂಡು ಅತ್ತಿದ್ದಾನೆ. ನಾನು ಮಾಡಿದ್ದನ್ನು ಅವನು ತನ್ನ ತಲೆಯ ಮೇಲೆ ಹೊತ್ತು ದಿನದಿನಕ್ಕೆ ಕುಗ್ಗುತ್ತಿದ್ದ. ಊಟ ಬಿಟ್ಟ. ಲಾರಿಗಳು ಮನೆಯ ಮುಂದೆ ಧೂಳು ತಿನ್ನುತ್ತಾ ನಿಂತವು. ಬದುಕಿದ್ದವಳಿಗೆ ಮಾಡಿದ್ದು ಸಾಲದೆಂದು ನಾನು ಇವನನ್ನೂ—

ಈ ಬೇಸಿಗೆಯ ಒಂದು ಮಧ್ಯಾಹ್ನ ಹೋಗಿ ಹೇಳಿದೆ. ಅವನು ನಡುಮನೆಯಲ್ಲಿ ಕೂತಿದ್ದ. ಲಕ್ಷ್ಮಿದೇವಿ ನೀರು ತಂದಿಟ್ಟಳು. ನಾನು ಕುಡಿಯಲಿಲ್ಲ. ಕಾರ್ಖಾನೆಯ ಫೋನು, ಎಂಜಿನಿಯರ್ ಹೇಳಿದ್ದು, ನಾನು ಹೇಳಿದ್ದು, ‘ಅವಳನ್ನು ಎತ್ತಿಕೊಂಡು ಹೋಗುತ್ತೇವೆ’ ಎಂದಿದ್ದು, ಕೊನೆಗೆ ಅವಳು ಕೇಳಿದ್ದು, ನಾನು ಕೊಟ್ಟ ಉತ್ತರ—ಒಂದನ್ನೂ ಬಿಡದೆ ಹೇಳಿದೆ. ಹೇಳುವಾಗ ಅಳಬಾರದೆಂದು ನಿರ್ಧರಿಸಿದ್ದೆ. ಅಳಲಿಲ್ಲ.

ಅವನು ಕೂಗಾಡುತ್ತಾನೆ, ಹೊಡೆಯುತ್ತಾನೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

‘ಕುರ್ಚಿ ಹೋಯ್ತಿತ್ತಾ?’ ಎಂದು ಕೇಳಿದ. ದನಿ ಎಷ್ಟು ಮೆತ್ತಗಿತ್ತೆಂದರೆ ನನಗೆ ಮೊದಲು ಅರ್ಥವಾಗಲಿಲ್ಲ.

‘ಹೋಯ್ತಿತ್ತು.’

‘ಒಳಗೆ ತಿರುಗ್ತಿತ್ತಾ?’

‘ತಿರುಗ್ತಿತ್ತು.’

ತಲೆಯಾಡಿಸಿದ. ಲಕ್ಷ್ಮಿದೇವಿ ಅಡುಗೆಮನೆಯ ಬಳಿ ಗೋಡೆ ಹಿಡಿದು ನಿಂತಿದ್ದಳು. ‘ಎಂದುಕನ್ನಾ?’ ಎಂದಳು. ಯಾಕಣ್ಣಾ? ನಾನು ಇದ್ದದ್ದನ್ನೇ ಹೇಳಿದೆ: ‘ನಿಂತ್ಕೊಳ್ಳಾಕೆ ಜಾಗ ಬೇಕಿತ್ತಮ್ಮ ನಂಗೆ.’ ಅವಳು ಬಂದು, ನಾನು ಮುಟ್ಟದೆ ಬಿಟ್ಟಿದ್ದ ನೀರಿನ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು.

ಅವನ ಮನಸ್ಸು ಹಗುರವಾಗಲಿ ಎಂದು ನಾನು ಹೇಳಿದ್ದೇನೋ, ನನ್ನದು ಹಗುರವಾಗಲಿ ಎಂದೋ, ಅದೂ ನನಗೆ ಸ್ಪಷ್ಟವಿಲ್ಲ. ನನ್ನದಂತೂ ಆಗಿಲ್ಲ. ಅವನು ಈಗ ಊಟ ಮಾಡುತ್ತಾನಂತೆ, ಲಾರಿಗಳು ಕೆಲಸಕ್ಕೆ ಹೊರಟಿವೆಯಂತೆ ಎಂದು ಬೇರೆಯವರಿಂದ ಕೇಳಿದ್ದೇನೆ. ಒಳ್ಳೆಯದಾಯಿತು. ದೋಣಿಯನ್ನು ಏನು ಮಾಡಬೇಕೆಂದು ಹೇಳುವ ಹಕ್ಕು ಅವನದು. ಅವನು ಹೇಳುವವರೆಗೆ ನಾನು ಅದನ್ನು ಮಾರುವುದಿಲ್ಲ, ನೀರಿಗೂ ಇಳಿಸುವುದಿಲ್ಲ. ಗಾಳ ಹಿಡಿಯುವುದನ್ನು ಬಿಟ್ಟಿದ್ದೇನೆ. ಅದು ಪ್ರಾಯಶ್ಚಿತ್ತವಲ್ಲ, ಕೈಗೆ ಬರುವುದಿಲ್ಲ, ಅಷ್ಟೇ.

ಆ ಮಧ್ಯಾಹ್ನ ನಾನು ಎದ್ದಾಗ ಅವನೂ ಎದ್ದ. ಯಾವಾಗಲೂ ಮಾಡುವಂತೆ ಕಾರಿನ ತನಕ ಬಂದ. ಬಿಸಿಲಲ್ಲಿ ಬರಿಗಾಲಲ್ಲಿ ನಿಂತ. ಕಾರಿನ ಬಾಗಿಲು ತೆರೆದು ನಾನು ಕಾಯುತ್ತಿದ್ದೆ—ಏನಾದರೂ ಅನ್ನಲಿ ಎಂದು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದ ದಿನಗಳಿಂದಲೂ, ಎಂಥ ಜಗಳವಾಡಿದ ದಿನವೂ, ಹೊರಡುವಾಗ ಅವನು ನನಗೆ ‘ಹೋಗ್ಬಾ’ ಎನ್ನದೆ ಇದ್ದದ್ದಿಲ್ಲ.

‘ಹೋಗು’ ಎಂದ.

ಬಾ ಎನ್ನಲಿಲ್ಲ.